ಇಂಚಿಗೆ ಒಂದು ಅಡಿ: ಪೇಟೆ ಮೆಟ್ಟಿಲಿನ ಲೆಕ್ಕ

ನಮ್ಮ ಪೇಟೆಯಲ್ಲಿ ವಾಚು ರಿಪೇರಿ ಮಾಡುವ ಗೆಳೆಯರೊಬ್ಬರಿದ್ದಾರೆ. ಎಳವೆಯಲ್ಲೇ ಪೋಲಿಯೋ ತಗುಲಿ ಎರಡೂ ಕಾಲು ಸೋತವು. ಮೂರು ಗಾಲಿಯ ಕೈಸೈಕಲ್ಲೇ ಅವರ ಕಾಲು. ಮೊನ್ನೆ ಹಬ್ಬದ ಬಟ್ಟೆಗೆಂದು ಜವಳಿ ಅಂಗಡಿ ಮುಂದೆ ನಿಂತಿದ್ದರು. ಅಂಗಡಿ ಹುಡುಗ ನಾಲ್ಕು ಷರ್ಟನ್ನು ರಸ್ತೆಗೇ ತಂದು ತೋರಿಸುತ್ತಿದ್ದ. ಹಿಂದೆ ಬಸ್ಸಿನ ಹಾರ್ನು ಒಂದೇ ಸಮ. ಕೈಗೆ ಸಿಕ್ಕಿದ್ದನ್ನು ಆರಿಸಿ ದುಡ್ಡು ಕೊಟ್ಟರು.

"ಹದಿನೈದು ವರ್ಷದಿಂದ ಇದೇ ಅಂಗಡಿ ಗಿರಾಕಿ ಸಾರ್. ಒಳಗಡೆ ಹೆಂಗಿದೆ ಅಂತ ಇವತ್ತಿಗೂ ನೋಡಿಲ್ಲ" ಅಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಅಂದರು. ಅದೇ ಮನಸ್ಸಿಗೆ ನಾಟಿತು.

ಅಂಗಡಿ ಯಜಮಾನರೇನೂ ಕೆಟ್ಟವರಲ್ಲ. ಕೇಳಿದ್ದಕ್ಕೆ, "ಏನ್ಮಾಡೋಣ ಸ್ವಾಮಿ? ನಮ್ಮಪ್ಪನ ಕಾಲದಲ್ಲಿ ಒಂದೇ ಮೆಟ್ಟಿಲಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿಸಿದ್ರು, ಮಳೆ ನೀರು ಒಳಗೆ ನುಗ್ತು. ನೆಲ ಎತ್ತರಿಸಿದ್ವಿ. ಮುಂದೆ ಮತ್ತೆ ಏರಿಸಿದ್ರೆ ಇರಲಿ ಅಂತ ಇನ್ನೆರಡು ಮೆಟ್ಟಿಲು ಜಾಸ್ತೀನೇ ಕಟ್ಟಿದ್ವಿ" ಎಂದರು. ರಸ್ತೆಯವರ ಮೇಲೆ ಅಂಗಡಿಯವರ ಪೈಪೋಟಿ. ನಡುವೆ ಉಳಿದವನು ಗಿರಾಕಿ.

ಟೇಪು ಹಿಡಿದಾಗ ಕಂಡದ್ದು

ಬಸ್ ಸ್ಟ್ಯಾಂಡಿನಲ್ಲಿ ಇಳಿಜಾರು ಇದೆಯಲ್ಲ ಎನ್ನುವಿರಿ. ಇದೆ. ಹಾರ್ಡ್‌ವೇರ್ ಅಂಗಡಿಯಿಂದ ಟೇಪು ಕಡ ತಂದು ಅಳೆದೆ. ಕಟ್ಟೆಯ ಎತ್ತರ ಎರಡು ಅಡಿ, ಇಳಿಜಾರಿನ ಉದ್ದ ಏಳು ಅಡಿ. ಸ್ಕೂಟರು ಹತ್ತದಿರಲೆಂದು ಅದರ ಬಾಯಿಗೇ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಸ್ಕೂಟರಂತೂ ಹತ್ತುವುದಿಲ್ಲ, ಗಾಲಿಕುರ್ಚಿಯೂ ಹತ್ತುವುದಿಲ್ಲ!

ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೆ. ಇಳಿಜಾರು ಹನ್ನೆರಡಕ್ಕೆ ಒಂದಕ್ಕಿಂತ ಕಡಿದಾಗಿರಬಾರದು ಅನ್ನುತ್ತದೆ ಅದು. ಪೇಟೆಯ ಭಾಷೆಯಲ್ಲಿ ಹೇಳುವುದಾದರೆ, ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಎರಡು ಅಡಿ ಕಟ್ಟೆಗೆ ಇಪ್ಪತ್ತನಾಲ್ಕು ಅಡಿ ಬೇಕು, ಕಟ್ಟಿದ್ದು ಏಳು. ಅದರಲ್ಲಿ ಹತ್ತುವವನು ಹಿಂದಕ್ಕೆ ಮಗುಚುತ್ತಾನೆ, ಇಳಿಯುವವನು ಬಸ್ಸಿನ ಚಕ್ರಕ್ಕೇ ಹೋಗುತ್ತಾನೆ. ಅಗಲ ಸುಮಾರು ನಾಲ್ಕು ಅಡಿಗೆ ಕಡಿಮೆಯಿರಬಾರದು, ಎರಡೂ ಬದಿ ಹಿಡಿಕಂಬಿ ಬೇಕು, ಬಾಗಿಲು ಮೂರು ಅಡಿ ತೆರವಿರಬೇಕು, ಗಾಲಿಕುರ್ಚಿ ತಿರುಗಿಸಲು ಐದು ಅಡಿ ಜಾಗ ಬೇಕು. ಇದೇನು ರಾಕೆಟ್ ವಿದ್ಯೆಯಲ್ಲ. ಮೇಸ್ತ್ರಿಗೆ ಗೊತ್ತಿರುವ ಲೆಕ್ಕ.

ಇನ್ನು ಬಸ್ಸಿನ ಮಾತು. ಅಂಗವಿಕಲರಿಗೆ ರಿಯಾಯಿತಿ ಪಾಸಿದೆ, ಸಂತೋಷ. ಆದರೆ ಪಾಸು ಜೇಬಿನಲ್ಲಿ, ಮೆಟ್ಟಿಲು ಮೊಣಕಾಲೆತ್ತರದಲ್ಲಿ. ಕಂಡಕ್ಟರ್ ಕೈ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಳದಿ ಪಟ್ಟಿ ಯಾಕೆ ಗೊತ್ತಾ?

ಹೊಸ ಫುಟ್‌ಪಾತಿನಲ್ಲಿ ಉಬ್ಬಿದ ಹಳದಿ ಟೈಲ್ಸು ನೋಡಿರಬಹುದು. ಬಹಳ ಜನ ಅದನ್ನು ಅಂದಕ್ಕೆ ಹಾಕಿದ್ದು ಎಂದುಕೊಂಡಿದ್ದಾರೆ. ಅದು ಕಣ್ಣಿಲ್ಲದವರ ದಾರಿ. ಉದ್ದ ಗೆರೆಯಿದ್ದರೆ "ನಡೆ", ಗುಂಡು ಚುಕ್ಕೆಯಿದ್ದರೆ "ನಿಲ್ಲು, ನೋಡಿಕೋ". ಜಪಾನಿನ ಸೇಯಿಚಿ ಮಿಯಾಕೆ ಕಂಡುಹಿಡಿದ ಇದನ್ನು 1967ರಲ್ಲಿ ಮೊದಲಿಗೆ ಒಕಾಯಾಮಾ ನಗರದ ಬೀದಿಯಲ್ಲಿ ಹಾಸಿದರು. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲೂ ಇದೆ. ನಮ್ಮಲ್ಲಿ ಅದರ ಮೇಲೆ ಈರುಳ್ಳಿ ಮೂಟೆ, ನಿಲ್ಲಿಸಿದ ಬೈಕು, ರಿಯಾಯಿತಿ ಮಾರಾಟದ ಬೋರ್ಡು. ಕೋಲು ತಟ್ಟುತ್ತ ಬರುವವನಿಗೆ ದಾರಿ ತೋರಿಸಬೇಕಾದ್ದೇ ಅವನನ್ನು ಮೂಟೆಗೆ ಎಡವಿಸುತ್ತದೆ.

ಕಾಯಿದೆ ಇದೆ ಸ್ವಾಮಿ

1995ರಲ್ಲೇ ಅಂಗವಿಕಲರ ಕಾಯಿದೆ ಬಂತು. ಅದರ ಜಾಗಕ್ಕೆ 2016ರ ಹೊಸ ಕಾಯಿದೆ ಬಂತು. ಇದರ ಪ್ರಕಾರ ಸಾರ್ವಜನಿಕ ಕಟ್ಟಡವೆಂದರೆ ಸರಕಾರಿ ಕಚೇರಿ ಮಾತ್ರವಲ್ಲ. ಜನ ಬಂದು ಹೋಗುವ ಖಾಸಗಿ ಕಟ್ಟಡ, ವ್ಯಾಪಾರದ ಜಾಗವೂ ಸೇರಿತು. ನಿಯಮ ಪಾಲಿಸದ ನಕ್ಷೆಗೆ ಪರವಾನಗಿ ಕೊಡಕೂಡದು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕು. ನಿಯಮ ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಗಡುವಿನ ಲೆಕ್ಕ ಓದುಗರೇ ಹಾಕಲಿ. ಕಾಯಿದೆ ಮುರಿದರೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ ದಂಡ. ಮತ್ತೆ ಮುರಿದರೆ ಐವತ್ತು ಸಾವಿರದಿಂದ ಐದು ಲಕ್ಷ.

2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತು. ಮಾನದಂಡಗಳನ್ನು ಬರೀ ಸಲಹೆಯಂತೆ ಇಟ್ಟಿದ್ದ ನಿಯಮ ಕಾಯಿದೆಗೇ ವಿರುದ್ಧ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸಿ ಎಂದು ಕೇಂದ್ರಕ್ಕೆ ಆದೇಶಿಸಿತು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಮೊಣಕಾಲು ನೋವಿನ ಅಜ್ಜಿ, ತುಂಬು ಬಸುರಿ, ಅಕ್ಕಿ ಮೂಟೆ ಹೊತ್ತ ಹಮಾಲಿ ಈ ಲೆಕ್ಕಕ್ಕೆ ಬರುವುದೇ ಇಲ್ಲ.

ದಾರಿ ಇಲ್ಲವೇ?

"ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ ಇಳಿಜಾರು ಎಲ್ಲಿಂದ ತರೋದು? ರಸ್ತೆ ಮಧ್ಯಕ್ಕೇ ಬರುತ್ತೆ" ಅನ್ನುವ ಅಂಗಡಿಯವರ ಮಾತು ಸುಳ್ಳಲ್ಲ. ಒಬ್ಬೊಬ್ಬರೇ ಕಟ್ಟಲು ಹೊರಟರೆ ಬರುತ್ತದೆ. ಆದರೆ ಅಕ್ಕಪಕ್ಕದ ನಾಲ್ಕು ಅಂಗಡಿಯವರು ಸೇರಿ, ಸಾಲಿನ ಒಂದು ತುದಿಯಲ್ಲಿ ಗೋಡೆಗುಂಟ ಒಂದೇ ಇಳಿಜಾರು ಕಟ್ಟಿ, ಮೇಲೆ ಜಗಲಿಯನ್ನು ಒಂದೇ ಮಟ್ಟಕ್ಕೆ ತಂದರೆ ನಾಲ್ಕಕ್ಕೂ ಅದೇ ಸಾಕು. ನಗರಸಭೆಯವರು ಚರಂಡಿ ಚಪ್ಪಡಿಯ ಮೇಲೆ ಜಾಗಕ್ಕೆ ಅನುಮತಿ ಕೊಡಲಿ. ಹಳೆಯ ಡಾಂಬರು ಕೆರೆದು ತೆಗೆದು ಹೊಸದು ಹಾಕಲಿ. ರಸ್ತೆ ಏರುವುದು ನಿಲ್ಲುತ್ತದೆ, ಮೆಟ್ಟಿಲು ಏರುವುದೂ ನಿಲ್ಲುತ್ತದೆ. ಬಸ್ ಸ್ಟ್ಯಾಂಡಿನ ಏಳು ಅಡಿಯನ್ನು ಒಡೆದು ಇಪ್ಪತ್ತನಾಲ್ಕು ಮಾಡಲಿ.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ ಎಂದು ಕೇಳುವುದು ಈ ಅಂಕಣದ ರೂಢಿ. ಈ ಸಲ ಸಂಬಂಧಪಟ್ಟವರಲ್ಲಿ ನಾವೂ ಇದ್ದೇವೆ. ಹಳದಿ ಪಟ್ಟಿಯ ಮೇಲಿನ ಮೂಟೆ ಎತ್ತಲು ಯಾವ ಆದೇಶವೂ ಬೇಡ, ನಾಳೆ ಬೆಳಿಗ್ಗೆ ಬಾಗಿಲು ತೆಗೆಯುವಾಗ ಎತ್ತಿದರೆ ಆಯಿತು. ಮುಂದಿನ ಹಬ್ಬಕ್ಕಾದರೂ ನಮ್ಮ ವಾಚಿನವರು ಅಂಗಡಿ ಒಳಗೆ ಹೋಗಿ, ಫ್ಯಾನಿನ ಕೆಳಗೆ ಕೂತು, ಹತ್ತು ಷರ್ಟು ಬಿಡಿಸಿ ಹಾಕಿಸಿಕೊಂಡು, ಒಂದೂ ಹಿಡಿಸಲಿಲ್ಲ ಅಂತ ಎದ್ದು ಬರುವ ಹಾಗಾಗಲಿ. ಉಳಿದ ಗಿರಾಕಿಗಳೆಲ್ಲ ದಿನಾ ಮಾಡುವುದು ಅದನ್ನೇ ಅಲ್ಲವೇ?