ಸೈನಿಕನ ಗೌರವವೂ ಉಳಿದವರ ಮರ್ಯಾದೆಯೂ

ಭಾಂಡುಪಿನ ಚಾಳುಗಳಲ್ಲಿ ಸ್ವಾತಂತ್ರ್ಯೋತ್ಸವದ ಧ್ವಜವನ್ನು ಯಾರ ಕೈಯಿಂದ ಏರಿಸಬೇಕೆಂಬ ಮಾತು ಬಂದಾಗ, ನಿವೃತ್ತ ಸೈನಿಕನೊಬ್ಬನಿದ್ದರೆ ಎಲ್ಲರ ಕಣ್ಣೂ ಅವನತ್ತ ತಿರುಗುವುದು ಸಹಜ, ತಕ್ಕುದೂ ಹೌದು. ಆದರೆ ಅದೇ ಚಾಳಿನಲ್ಲಿ ಮೂವತ್ತು ವರ್ಷ ಹೋಟೆಲಿನ ಒಲೆಯ ಮುಂದೆ ಬೆಂದವನೂ ಇರುತ್ತಾನೆ, ಲೆಕ್ಕದ ಪುಸ್ತಕದ ಮೇಲೆ ಬೆನ್ನು ಬಾಗಿಸಿದ ಗುಮಾಸ್ತನೂ ಇರುತ್ತಾನೆ. ಉದ್ಯೋಗವೇನೆಂದು ಕೇಳಿದರೆ ಇವರು ದನಿ ತಗ್ಗಿಸಿ ಉತ್ತರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಸೈನಿಕ ವೃತ್ತಿಗೆ ಮಿಕ್ಕವುಗಳಿಗಿಂತ ಹೆಚ್ಚಿನ ಗೌರವ ಸಲ್ಲಬೇಕೆ? ಸಲ್ಲಬೇಕಾದರೆ ಯಾವ ಕಾರಣಕ್ಕೆ? ಇದು ವಿಚಾರಾರ್ಹವಾದ ಪ್ರಶ್ನೆ.

ಸೈನಿಕನಿಗೆ ಸಲ್ಲುವ ಗೌರವಕ್ಕೆ ಅವನ ಸಮವಸ್ತ್ರವಾಗಲಿ ಸಂಬಳವಾಗಲಿ ಕಾರಣವಲ್ಲ. ಅವನು ತೊಟ್ಟ ಪ್ರತಿಜ್ಞೆಯೇ ಕಾರಣ. ಗಲ್ಲೆಯ ಮೇಲೆ ಕುಳಿತ ಧಣಿಯೊಡನೆ ಮನಸ್ತಾಪ ಬಂದರೆ ನಾವು ಪಂಚೆ ಕೊಡವಿ ಮತ್ತೊಂದು ಹೋಟೆಲು ಸೇರಬಹುದು. ಗುಮಾಸ್ತನು ರಾಜೀನಾಮೆ ಬರೆದುಕೊಟ್ಟು ಹೊರಬೀಳಬಹುದು. ಸಂಘ ಕಟ್ಟಿ ಮುಷ್ಕರ ಹೂಡಬಹುದು. 1950ರ ಸೇನಾ ಕಾಯಿದೆಗೆ ಒಳಪಟ್ಟವನಿಗೆ ಈ ಸ್ವಾತಂತ್ರ್ಯಗಳಿಲ್ಲ. ಹೋಗೆಂದಲ್ಲಿಗೆ ಅವನು ಹೋಗಬೇಕು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಹತ್ತೊಂಬತ್ತು ಸಾವಿರ ಅಡಿಗೂ ಮೇಲೆ, ಒಂಬತ್ತು ಮಂದಿ ಸಂಗಡಿಗರೊಡನೆ ಹಿಮದಡಿ ಹೂತುಹೋದರು. ದಿನಗಳು ಕಳೆದ ಮೇಲೂ ಅವರೊಬ್ಬರು ಜೀವಸಹಿತ ದೊರೆತಾಗ ನಾಡೇ ಹರಕೆ ಹೊತ್ತಿತು. 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಅಲ್ಲಿ ಅವರನ್ನು ಕೊಂದದ್ದು ಶತ್ರುವಿನ ಗುಂಡಲ್ಲ, ಕಾವಲಿನ ಕರ್ತವ್ಯ. ಇಂಥ ಋಣವನ್ನು ಅಲ್ಲಗಳೆಯುವವನು ಕೃತಘ್ನನೇ ಸರಿ.

ಆದರೆ ಧೈರ್ಯವೂ ತ್ಯಾಗವೂ ಸೈನ್ಯದ ಸೊತ್ತು ಮಾತ್ರವೆಂದು ತಿಳಿದರೆ ಅದು ತಪ್ಪು. ಈ ಮಾತಿಗೆ ನಮ್ಮ ಮುಂಬಯಿಯೇ ಸಾಕ್ಷಿ. 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ನುಗ್ಗಿದಾಗ, ತಾಜ್ ಹೋಟೆಲಿನಲ್ಲಿ ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಕಾದಾಡಿ ಮಡಿದರು. 2009ರಲ್ಲಿ ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಅವರು ಬರುವ ಮೊದಲೇ ಅದೇ ಹೋಟೆಲಿನ ಅಡಿಗೆಯವರೂ ಬಡಿಸುವವರೂ ಅತಿಥಿಗಳನ್ನು ಸುರಕ್ಷಿತ ದಾರಿಯಿಂದ ಹೊರಗೆ ಕಳಿಸುತ್ತಿದ್ದರು; ಅವರಲ್ಲಿ ಹಲವರು ಹಿಂತಿರುಗಲಿಲ್ಲ. ನಾವು ದಿನವೂ ಇಳಿಯುವ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ವಿಷ್ಣು ಝೆಂಡೆ ಎಂಬ ರೈಲ್ವೆ ಘೋಷಕರು, ಗುಂಡಿನ ಸದ್ದಿನ ನಡುವೆಯೂ ಕುಳಿತ ಜಾಗ ಬಿಡದೆ, ಯಾವ ಕಡೆಯಿಂದ ಪಾರಾಗಬೇಕೆಂದು ಪ್ರಯಾಣಿಕರಿಗೆ ಮತ್ತೆ ಮತ್ತೆ ಹೇಳಿದರು. ಇವರಾರೂ ಪ್ರಾಣ ಕೊಡುವೆನೆಂದು ಕಾಗದಕ್ಕೆ ಸಹಿ ಹಾಕಿದವರಲ್ಲ. 1986ರಲ್ಲಿ ಕರಾಚಿಯಲ್ಲಿ ಅಪಹೃತ ವಿಮಾನದ ಪ್ರಯಾಣಿಕರನ್ನು ಉಳಿಸಲು ಜೀವತೆತ್ತ ಗಗನಸಖಿ ನೀರಜಾ ಭಾನೋಟ್ ಅವರಿಗೂ ಅಶೋಕ ಚಕ್ರವೇ ಸಂದಿತು. ಶೌರ್ಯವು ಯಾವ ಉಡುಪಿನಲ್ಲಿತ್ತೆಂದು ಸರಕಾರದ ಪದಕವೂ ಕೇಳಲಿಲ್ಲ.

ಯಾವ ಪದಕವೂ ಕಾಣದ ಸಾವುಗಳ ಮಾತು ಬೇರೆ. ನಗರದ ಗಟಾರಗಳಿಗಿಳಿದು ವಿಷವಾಯುವಿಗೆ ಬಲಿಯಾಗುವವರನ್ನು ನೆನೆಯಿರಿ. ಮನುಷ್ಯನನ್ನು ಆ ಕೂಪಕ್ಕೆ ಇಳಿಸಕೂಡದೆಂದು 2013ರಲ್ಲಿ ಶಾಸನವೇ ಆಯಿತು. ಅಂಥ ಸಾವಿಗೆ ಹತ್ತು ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ವಿಧಿಸಿದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಬೇಕಾಯಿತು. ಎಂದರೆ ಸಾವು ನಿಂತಿರಲಿಲ್ಲ. ಇವರ ಶವಕ್ಕೆ ಯಾರೂ ಧ್ವಜ ಹೊದಿಸುವುದಿಲ್ಲ. ನಮ್ಮ ಭಾಂಡುಪಿನ ಜಲಶುದ್ಧೀಕರಣ ಕೇಂದ್ರವನ್ನೇ ನೋಡಿರಿ: ಮುಂಬಯಿಯ ನೀರಿನ ಬಹುಭಾಗ ಅಲ್ಲಿ ಶುದ್ಧವಾಗಿ ಮನೆಮನೆಗೆ ಹರಿಯುತ್ತದೆ. ಅಲ್ಲಿ ರಾತ್ರಿ ಪಾಳಿಯಲ್ಲಿ ಎಚ್ಚರಿರುವವನು ಒಂದು ದಿನ ಮೈಮರೆತರೆ ಏನಾದೀತು? ಗಡಿಯಲ್ಲಿ ಕಾಯುವವನಂತೆ ಅವನೂ ಕಾಯುವವನೇ.

ಹಾಗಾದರೆ ನಿರ್ಣಯವೇನು? ಕೃತಜ್ಞತೆ ಬೇರೆ, ಮರ್ಯಾದೆ ಬೇರೆ ಎಂದು ನನಗೆ ತೋರುತ್ತದೆ. ಪ್ರತಿಜ್ಞೆಯ ಭಾರ ಹೊತ್ತ ಸೈನಿಕನಿಗೆ ವಿಶೇಷ ಕೃತಜ್ಞತೆ ಸಲ್ಲಲಿ. ಮರ್ಯಾದೆಯಾದರೋ ಪ್ರಾಮಾಣಿಕವಾಗಿ ದುಡಿವ ಸರ್ವರದು. ಅದು ಹಂಚಿದರೆ ಮುಗಿದುಹೋಗುವ ಕೊಪ್ಪರಿಗೆಯ ಅನ್ನವಲ್ಲ. ಒಬ್ಬನಿಗೆ ಬಡಿಸಲು ಇನ್ನೊಬ್ಬನ ಎಲೆಯಿಂದ ತೆಗೆಯಬೇಕಾಗಿಲ್ಲ. ವೃತ್ತಿಗೆ ಮೇಲುಕೀಳಿನ ಮೆಟ್ಟಿಲು ಕಟ್ಟುವುದು ಜಾತಿಯ ಹಳೆಯ ರೋಗವೇ. ಅಗಸ ಮಾಚಯ್ಯನನ್ನೂ ಅಂಬಿಗ ಚೌಡಯ್ಯನನ್ನೂ ಅನುಭವಿಗಳ ಸಾಲಿನಲ್ಲಿ ಕೂರಿಸಿದ ಹನ್ನೆರಡನೆಯ ಶತಮಾನದ ಶರಣರಿಗೆ ಇದು ತಿಳಿದಿತ್ತು.

ಇನ್ನೊಂದು ಮಾತು. 2022ರ ಅಗ್ನಿಪಥ ಯೋಜನೆಯಂತೆ ಸೇರುವ ತರುಣರಲ್ಲಿ ನಾಲ್ಕು ವರ್ಷದ ಬಳಿಕ ಗರಿಷ್ಠ ನೂರಕ್ಕೆ ಇಪ್ಪತ್ತೈದು ಮಂದಿ ಮಾತ್ರ ಸೈನ್ಯದಲ್ಲಿ ಉಳಿಯುವರು. ಉಳಿದವರು ನಮ್ಮ ನಡುವೆಯೇ ಕಾವಲುಗಾರ, ಚಾಲಕ, ಗುಮಾಸ್ತರಾಗಿ ಬದುಕಬೇಕು. ನಿನ್ನೆ ಸಲಾಮು ಹೊಡೆದವನನ್ನೇ ನಾಳೆ ಕಟ್ಟಡದ ಬಾಗಿಲಲ್ಲಿ ಏಕವಚನದಿಂದ ಕೂಗಿದರೆ, ನಮ್ಮ ಗೌರವ ಅವನಿಗೆ ಸಂದಿತ್ತೋ ಬರಿಯ ಬಟ್ಟೆಗೋ?

1965ರ ಯುದ್ಧದಲ್ಲಿ ಸ್ವಂತ ಮಗನೇ ಪಾಕಿಸ್ತಾನದ ಸೆರೆಯಾದಾಗ, ಉಳಿದ ಸೆರೆಯಾಳುಗಳಿಗಿಲ್ಲದ ಸವಲತ್ತು ಅವನಿಗೆ ಬೇಡವೆಂದರು ಕೊಡಗಿನ ಜನರಲ್ ಕಾರ್ಯಪ್ಪನವರು. 1949ರಲ್ಲಿ ಭಾರತೀಯ ಸೇನೆಯ ಪ್ರಥಮ ಭಾರತೀಯ ದಂಡನಾಯಕರಾದವರು ಅವರು. ನಿಜವಾದ ಸೈನಿಕ ತನಗಾಗಿ ಹೆಚ್ಚಿನದನ್ನು ಕೇಳುವುದಿಲ್ಲ. ಹೋಟೆಲಿನ ಬಂಧುಗಳೇ, ಕಚೇರಿಯ ಮಿತ್ರರೇ, ನಾವು ಅವನಿಗೆ ತಲೆಬಾಗೋಣ. ಆದರೆ ನಮ್ಮ ಉದ್ಯೋಗವನ್ನು ಕೇಳಿದವರ ಮುಂದೆ ತಲೆ ತಗ್ಗಿಸುವುದು ಬೇಡ.