ಸಾವಿಲ್ಲದವರ ಅಳಲು

ಸಾವು ಬಾರದಿರುವುದು ವರವೋ ಶಾಪವೋ? ಈ ಪ್ರಶ್ನೆ ನಮಗೆ ಹೊಸದಲ್ಲ. ಭಾರತಯುದ್ಧದ ಕೊನೆಯಲ್ಲಿ ಕೃಷ್ಣನು ಅಶ್ವತ್ಥಾಮನಿಗೆ ಮರಣವನ್ನು ವಿಧಿಸಲಿಲ್ಲ. ಮೂರು ಸಾವಿರ ವರ್ಷ ಯಾರೊಡನೆಯೂ ಮಾತುಕತೆಯಿಲ್ಲದೆ ಅಲೆಯುತ್ತಿರು ಎಂದು ಶಪಿಸಿದನು. ಬದುಕಿರುವುದೇ ದಂಡನೆಯಾಗಬಲ್ಲುದೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು ಇದೇ ಪ್ರಶ್ನೆಯನ್ನು ಇನ್ನೊಂದು ಬಗೆಯಾಗಿ ಎತ್ತಿಕೊಂಡರು. ಯಾವ ಶಾಪವೂ ಇಲ್ಲದೆ, ಹುಟ್ಟಿನಿಂದಲೇ ಮುಪ್ಪು ಸಾವುಗಳಿಲ್ಲದ ಒಂದು ಜನಾಂಗವಿದ್ದರೆ ಅವರ ಬಾಳು ಹೇಗಿದ್ದೀತು? ಅವರು ಕಲ್ಪಿಸಿದ ಎಲ್ಫ್ ಎಂಬ ಆ ಜನಾಂಗದ ಮೂಲವನ್ನೂ ಸ್ವಭಾವವನ್ನೂ ಇಲ್ಲಿ ಸ್ವಲ್ಪ ಪರಿಶೀಲಿಸೋಣ.

ಆ ಪ್ರಾಧ್ಯಾಪಕರು ಜೆ. ಆರ್. ಆರ್. ಟೋಲ್ಕಿನ್. 1892ರಲ್ಲಿ ಹುಟ್ಟಿದ ಅವರು 1925ರಿಂದ 1959ರ ವರೆಗೆ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಭಾಷೆ ಸಾಹಿತ್ಯಗಳನ್ನು ಬೋಧಿಸಿದರು. 1937ರಲ್ಲಿ ‘ದ ಹಾಬಿಟ್’ ಎಂಬ ಮಕ್ಕಳ ಕಥೆಯೂ, 1954-55ರಲ್ಲಿ ಮೂರು ಸಂಪುಟಗಳಾಗಿ ‘ದ ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಮಹಾಕಥೆಯೂ ಪ್ರಕಟವಾದವು. ಎಲ್ಫರ ಪೂರ್ವಕಥೆ ಇರುವುದು ಮಾತ್ರ ‘ದ ಸಿಲ್ಮರಿಲಿಯನ್’ ಎಂಬ ಗ್ರಂಥದಲ್ಲಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆರಂಭಿಸಿದ ಈ ಬರಹವನ್ನು ಅವರು ಜೀವಮಾನವೆಲ್ಲ ತಿದ್ದುತ್ತಲೇ ಇದ್ದರು. 1973ರಲ್ಲಿ ಅವರು ತೀರಿಕೊಂಡರು; ಅವರ ಮಗ ಕ್ರಿಸ್ಟೊಫರ್ ಹಸ್ತಪ್ರತಿಗಳನ್ನು ಕಲೆಹಾಕಿ 1977ರಲ್ಲಿ ಅದನ್ನು ಹೊರತಂದರು.

‘ಎಲ್ಫ್’ ಎಂಬ ಪದ ಟೋಲ್ಕಿನ್ನರು ಸೃಷ್ಟಿಸಿದ್ದಲ್ಲ. ಅದು ಜರ್ಮಾನಿಕ್ ಭಾಷೆಗಳ ಬಹು ಹಳೆಯ ಆಸ್ತಿ. ಅದರ ಅರ್ಥವೂ ಒಂದೇ ಆಗಿರಲಿಲ್ಲ. ಹಳೆಯ ಇಂಗ್ಲಿಷಿನ ಮದ್ದುಮಾಟದ ಗ್ರಂಥಗಳಲ್ಲಿ, ಇದ್ದಕ್ಕಿದ್ದಂತೆ ಬರುವ ಚುಚ್ಚುನೋವಿಗೆ ಎಲ್ಫರು ಎಸೆದ ಬಾಣವೂ ಒಂದು ಕಾರಣವೆಂದಿದೆ. ‘ಬೇವುಲ್ಫ್’ ಕಾವ್ಯವು ಅವರನ್ನು ಸೋದರಹಂತಕನಾದ ಕೇನನ ಸಂತತಿಯೆಂದು ರಾಕ್ಷಸರ ಜೊತೆಗೇ ಎಣಿಸುತ್ತದೆ. ಆದರೆ ಅದೇ ಭಾಷೆಯ ಕವಿಗಳು ಬೈಬಲಿನ ಸಾರಾ, ಜುಡಿತ್ ಎಂಬ ಚೆಲುವೆಯರನ್ನು ‘ಎಲ್ಫರಂತೆ ಕಾಂತಿಯುಳ್ಳವರು’ ಎಂದು ಹೊಗಳಿದ್ದಾರೆ. ಆಲ್ಫ್ರೆಡ್ ಎಂಬ ರಾಜನ ಹೆಸರಿಗೆ ‘ಎಲ್ಫರ ಆಲೋಚನೆ’ ಎಂದೇ ಅರ್ಥ. ಅತ್ತ ಐಸ್‌ಲೆಂಡಿನಲ್ಲಿ ಹದಿಮೂರನೆಯ ಶತಮಾನದ ವಿದ್ವಾಂಸ ಸ್ನೋರಿ ಸ್ಟುರ್ಲುಸನ್, ಸೂರ್ಯನಿಗಿಂತ ಚೆಲುವಾದ ಬೆಳಕಿನ ಎಲ್ಫರೂ ಕೀಲೆಣ್ಣೆಗಿಂತ ಕಪ್ಪಾದ ಕತ್ತಲೆಯ ಎಲ್ಫರೂ ಇದ್ದಾರೆಂದು ಬರೆದಿಟ್ಟನು. ಜನ ಅಂಜುತ್ತಿದ್ದರು, ಬೆರಗೂ ಪಡುತ್ತಿದ್ದರು.

ಕಾಲ ಕಳೆದಂತೆ ಈ ಅಂಜಿಕೆ ಬೆರಗುಗಳೆರಡೂ ಕರಗಿದವು. ಷೇಕ್ಸ್‌ಪಿಯರನ ಕಾಲದಿಂದ ಈಚೆಗೆ ಎಲ್ಫರು ಹೂವಿನ ಬಟ್ಟಲಲ್ಲಿ ಮಲಗುವ ಪುಟಾಣಿಗಳಾದರು. ಮುಂದೆ ಮಕ್ಕಳ ಪುಸ್ತಕಗಳಲ್ಲಿ ಬೆನ್ನಿಗೆ ಚಿಟ್ಟೆಯ ರೆಕ್ಕೆಯನ್ನೂ ಕಟ್ಟಿಕೊಂಡರು. ಟೋಲ್ಕಿನ್ನರಿಗೆ ಇದು ಸಹಿಸಲಿಲ್ಲ. 1939ರಲ್ಲಿ ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಈ ಕುಬ್ಜೀಕರಣವನ್ನು ನೇರವಾಗಿ ಖಂಡಿಸಿದರು. 1915ರಲ್ಲಿ ತಾವೇ ಇಂಥ ಪುಟ್ಟ ಪಾದಗಳ ಬಗ್ಗೆ ಒಂದು ಪದ್ಯ ಬರೆದುಬಿಟ್ಟಿದ್ದಕ್ಕಾಗಿ ಪರಿತಪಿಸಿದ್ದೂ ಉಂಟು. ಅವರು ಎಲ್ಫರಿಗೆ ಮನುಷ್ಯನ ಎತ್ತರವನ್ನೂ ಹಳೆಯ ಗಾಂಭೀರ್ಯವನ್ನೂ ಮರಳಿ ಕೊಟ್ಟರು.

ಕನ್ನಡದಲ್ಲಿ ಇವರನ್ನು ಕಿನ್ನರರೆಂದೋ ಯಕ್ಷರೆಂದೋ ಕರೆಯಬಹುದಲ್ಲವೆ ಎಂದು ಯಾರಾದರೂ ಕೇಳಬಹುದು. ಹತ್ತಿರದ ಮಾತುಗಳೇ ಸರಿ. ಆದರೆ ಅಮರಕೋಶವು ಯಕ್ಷ, ಗಂಧರ್ವ, ಕಿನ್ನರರನ್ನು ದೇವಯೋನಿಗಳೆಂದು ಎಣಿಸುತ್ತದೆ. ಟೋಲ್ಕಿನ್ನರ ಎಲ್ಫರಾದರೋ ಮಣ್ಣಿನ ಮಕ್ಕಳು. ಭೂಮಿಗೂ ಅವರಿಗೂ ಇರುವ ಬಿಡಿಸಲಾಗದ ನಂಟೇ ಅವರ ಕಥೆಯ ತಿರುಳು. ಆದ್ದರಿಂದ ಎಲ್ಫರೆಂಬ ಹೆಸರನ್ನೇ ಉಳಿಸಿಕೊಳ್ಳುವುದು ಲೇಸು.

ಈ ಜನಾಂಗದ ಹುಟ್ಟಿಗೆ ಇನ್ನೊಂದು ಮೂಲವುಂಟು, ಅದು ಭಾಷೆ. ವಿದ್ಯಾರ್ಥಿಯಾಗಿದ್ದಾಗ ಟೋಲ್ಕಿನ್ನರಿಗೆ ಕಾಲೇಜಿನ ಪುಸ್ತಕಭಂಡಾರದಲ್ಲಿ ಫಿನ್ನಿಷ್ ಭಾಷೆಯ ವ್ಯಾಕರಣವೊಂದು ಸಿಕ್ಕಿತು. ಆ ನಾದಕ್ಕೆ ಮರುಳಾದ ಅವರು ಅದರ ಜಾಡಿನಲ್ಲಿ ‘ಕ್ವೆನ್ಯ’ ಎಂಬ ಹೊಸ ಭಾಷೆಯನ್ನು ಕಟ್ಟತೊಡಗಿದರು. ವೆಲ್ಷ್ ಭಾಷೆಯ ಧ್ವನಿಗಳಿಂದ ‘ಸಿಂಡರಿನ್’ ಎಂಬ ಇನ್ನೊಂದನ್ನು ರೂಪಿಸಿದರು. ಭಾಷೆಯೆಂದ ಮೇಲೆ ಆಡುವ ಜನ ಬೇಕು. ಜನವೆಂದ ಮೇಲೆ ಅವರಿಗೆ ನಾಡು, ಪುರಾಣ, ಜಗಳ, ವಲಸೆ ಎಲ್ಲವೂ ಬೇಕು. ಭಾಷೆಗೊಂದು ನೆಲೆ ಬೇಕೆಂದೇ ಕಥೆ ಹುಟ್ಟಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಎಲ್ಫರ ಲಿಪಿಯನ್ನು ನೋಡಿದ ಕನ್ನಡಿಗನಿಗಂತೂ ಪರಿಚಿತರನ್ನು ಕಂಡಂತಾಗುತ್ತದೆ. ಅಲ್ಲಿಯೂ ದಂತ್ಯಗಳಿಗೆ ಒಂದು ವರ್ಗ, ಓಷ್ಠ್ಯಗಳಿಗೆ ಒಂದು ವರ್ಗ. ಅಕ್ಷರಕ್ಕೆ ಇನ್ನೊಂದು ಸುಳಿ ಸೇರಿಸಿದರೆ ತಕಾರ ದಕಾರವಾಗುತ್ತದೆ, ಪಕಾರ ಬಕಾರವಾಗುತ್ತದೆ. ಸ್ವರಗಳು ನಮ್ಮ ಕಾಗುಣಿತದ ಗುರುತುಗಳಂತೆ ಬಹುಮಟ್ಟಿಗೆ ವ್ಯಂಜನದ ನೆತ್ತಿಯ ಮೇಲೆ ಕೂರುತ್ತವೆ.

ಇನ್ನು ಕಥೆಯೊಳಗಿನ ಹುಟ್ಟನ್ನು ನೋಡೋಣ. ಸೃಷ್ಟಿಕರ್ತನಾದ ಇಲೂವಟಾರನ ಇಬ್ಬಗೆಯ ಮಕ್ಕಳಲ್ಲಿ ಎಲ್ಫರು ಹಿರಿಯರು, ಮನುಷ್ಯರು ಕಿರಿಯರು. ಸೂರ್ಯಚಂದ್ರರು ಇನ್ನೂ ಹುಟ್ಟಿರಲಿಲ್ಲ. ಬಾನಿನಲ್ಲಿ ನಕ್ಷತ್ರಗಳು ಮಾತ್ರ ಇದ್ದುವು. ಆಗ ಕುವಿಯೇನೆನ್ ಎಂಬ ಜಲಾಶಯದ ದಂಡೆಯಲ್ಲಿ ಎಲ್ಫರು ನಿದ್ದೆಯಿಂದ ಎದ್ದರು. ಕಣ್ಣಿಗೆ ಮೊದಲು ಬಿದ್ದದ್ದು ನಕ್ಷತ್ರ; ಕಿವಿಗೆ ಮೊದಲು ಬಿದ್ದದ್ದು ಕಲ್ಲಿನ ಮೇಲೆ ಸುರಿಯುವ ನೀರಿನ ಸದ್ದು. ಅಂದಿನಿಂದ ಅವರಿಗೆ ಇವೆರಡರ ಮೇಲೆ ತೀರದ ಮೋಹ. ಅವರು ತಮ್ಮನ್ನು ‘ಕ್ವೆಂಡಿ’ ಎಂದು ಕರೆದುಕೊಂಡರು. ಮಾತನಾಡುವವರು ಎಂದು ಅರ್ಥ.

ಈ ಎಚ್ಚರದ ಬಗ್ಗೆ ಎಲ್ಫ್ ಮಕ್ಕಳಿಗೆ ಎಣಿಕೆ ಕಲಿಸುವಂಥ ಒಂದು ಸೊಗಸಾದ ಕಥೆಯನ್ನೂ ಟೋಲ್ಕಿನ್ ಬರೆದಿದ್ದಾರೆ. ಮೊದಲು ಎದ್ದವರು ಇಮಿನ್, ಟಾಟ, ಎನೆಲ್ ಎಂಬ ಮೂವರು ಮತ್ತು ಅವರ ಮಡದಿಯರು. ಮಲಗಿದ್ದ ಉಳಿದವರನ್ನು ಹುಡುಕುತ್ತ ಹೊರಟಾಗ ಮೊದಲು ಆರು ಜೋಡಿ ಸಿಕ್ಕಿತು. ಹಿರಿಯನೆಂಬ ಹಕ್ಕಿನಿಂದ ಇಮಿನ್ ಅವರನ್ನು ತನ್ನವರೆಂದನು. ಆಮೇಲೆ ಒಂಬತ್ತು ಜೋಡಿ ಟಾಟನಿಗೆ, ಹನ್ನೆರಡು ಜೋಡಿ ಎನೆಲನಿಗೆ ಸೇರಿದುವು. ಮುಂದೆ ಹದಿನೆಂಟು ಜೋಡಿ ಸಿಕ್ಕಾಗ ಇಮಿನ್ ಅವಸರಪಡಲಿಲ್ಲ. ಇನ್ನೂ ದೊಡ್ಡ ಗುಂಪು ಸಿಕ್ಕೀತೆಂದು ಕಾದನು. ಇಪ್ಪತ್ತನಾಲ್ಕು ಜೋಡಿ ಸಿಕ್ಕಾಗಲೂ ಕಾದನು. ಅಲ್ಲಿಗೆ ಎಲ್ಲರೂ ಮುಗಿದಿದ್ದರು. ಒಟ್ಟು 144 ಜನರಲ್ಲಿ ಇಮಿನನ ಪಾಲಿಗೆ ಉಳಿದವರು 14 ಮಂದಿ. ಎಲ್ಫರು ಹನ್ನೆರಡರ ಲೆಕ್ಕದಲ್ಲಿ ಎಣಿಸುವುದು ಇದರಿಂದಲೇ ಎನ್ನುತ್ತದೆ ಕಥೆ. ಅವಸರವಿಲ್ಲದ ಜನರ ಹಿರಿಮೆಯೂ ನಷ್ಟವೂ ಈ ಮಕ್ಕಳ ಕಥೆಯಲ್ಲಿಯೇ ಸುಳಿದುಹೋಗುತ್ತವೆ.

ಮುಂದಿನ ಇತಿಹಾಸ ದೀರ್ಘವಾದುದು. ದೇವತೆಗಳ ಕರೆಗೆ ಓಗೊಟ್ಟು ಕೆಲವರು ಪಶ್ಚಿಮ ಸಮುದ್ರದಾಚೆಯ ಪುಣ್ಯಭೂಮಿಗೆ ಹೊರಟರು; ಒಲ್ಲದವರು ಹಿಂದೆ ಉಳಿದರು. ಪಶ್ಚಿಮದಲ್ಲಿ ಫೆಯನೋರ್ ಎಂಬ ಮಹಾಶಿಲ್ಪಿ ಸಿಲ್ಮರಿಲ್ ಎಂಬ ಮೂರು ರತ್ನಗಳನ್ನು ನಿರ್ಮಿಸಿದನು. ಅವನ್ನು ದುಷ್ಟಶಕ್ತಿಯಾದ ಮಾರ್ಗೋತ್ ಕದ್ದಾಗ ಫೆಯನೋರನೂ ಅವನ ಮಕ್ಕಳೂ ಘೋರ ಪ್ರತಿಜ್ಞೆ ಮಾಡಿದರು; ಹಡಗು ಕೊಡಲೊಲ್ಲದ ತಮ್ಮ ಬಳಗದವರನ್ನೇ ಕೊಂದರು. ಸಾವಿಲ್ಲದವರು ಪಾಪವಿಲ್ಲದವರೆಂದು ನಾವು ಭಾವಿಸಬೇಕಾಗಿಲ್ಲ.

ಹಾಗಾದರೆ ಈ ‘ಸಾವಿಲ್ಲದಿರುವುದು’ ಎಂದರೇನು? ಎಲ್ಫರಿಗೆ ರೋಗವಿಲ್ಲ, ಮುಪ್ಪಿನಿಂದ ಮರಣವಿಲ್ಲ. ಆದರೆ ಕತ್ತಿಯ ಗಾಯದಿಂದ ಅವರು ಸಾಯುತ್ತಾರೆ. ದುಃಖದಿಂದಲೂ ಬದುಕನ್ನು ಬಿಡುತ್ತಾರೆ. ಫೆಯನೋರನ ತಾಯಿ ಮೀರಿಯೆಲ್ ಮಗನನ್ನು ಹೆತ್ತ ಬಳಲಿಕೆಯಿಂದ ಬದುಕೇ ಬೇಡವೆಂದು ಮಲಗಿಬಿಟ್ಟಳು. ಹೀಗೆ ದೇಹ ಅಳಿದರೂ ಆತ್ಮಕ್ಕೆ ಈ ಲೋಕದಿಂದ ಬಿಡುಗಡೆಯಿಲ್ಲ. ಅದು ಮಾಂಡೋಸ್ ಎಂಬ ದೇವತೆಯ ಮಂದಿರದಲ್ಲಿ ಕಾದಿದ್ದು, ಅನುಮತಿಯಾದರೆ ಮತ್ತೆ ದೇಹಧಾರಣೆ ಮಾಡಬಹುದು. ಲೋಕ ಇರುವ ವರೆಗೂ ಎಲ್ಫನು ಇರಲೇಬೇಕು; ಲೋಕ ಮುಗಿದಾಗ ತನ್ನ ಗತಿಯೇನೆಂಬುದು ಅವನಿಗೆ ತಿಳಿಯದು. ಮನುಷ್ಯನಾದರೋ ಸತ್ತು ಲೋಕದ ಎಲ್ಲೆಯನ್ನೇ ದಾಟಿ ಹೋಗುತ್ತಾನೆ. ಎಲ್ಲಿಗೆಂದು ಎಲ್ಫರಿಗೆ ಗೊತ್ತಿಲ್ಲ. ಅವರು ಸಾವನ್ನು ಇಲೂವಟಾರನು ಮನುಷ್ಯರಿಗೆ ಕೊಟ್ಟ ಕೊಡುಗೆಯೆಂದು ಕರೆಯುತ್ತಾರೆ.

ಕೊಡುಗೆಯೇ? ಸಾಯುವವರು ಇದನ್ನು ಒಪ್ಪುತ್ತಾರೆಯೆ? ಈ ತಕರಾರನ್ನು ಟೋಲ್ಕಿನ್ ಮರೆಯಲಿಲ್ಲ. 1993ರಲ್ಲಿ ಪ್ರಕಟವಾದ ಅವರ ಸಂವಾದವೊಂದರಲ್ಲಿ ಎಲ್ಫ್ ರಾಜ ಫಿನ್‌ರೋಡನೂ ಆಂಡ್ರೆತ್ ಎಂಬ ಮನುಷ್ಯಸ್ತ್ರೀಯೂ ಇದನ್ನೇ ವಾದಿಸುತ್ತಾರೆ. ಆಕೆ ಜ್ಞಾನಿ, ವಯಸ್ಸಾಗಿ ತಲೆ ನರೆತಿದೆ. ಸಾವನ್ನು ಹೊರಗಿನಿಂದ ನೋಡುವವರಿಗೆ ಅದರ ಭಯ ಏನು ಗೊತ್ತು ಎಂಬುದು ಆಕೆಯ ಮಾತಿನ ಸಾರ. ತಮ್ಮ ಅಂತ್ಯ ದೂರದಲ್ಲಿದ್ದರೂ ತಪ್ಪಿದ್ದಲ್ಲ, ಅದರಾಚೆಗೆ ತಮಗೆ ಯಾವ ಭರವಸೆಯೂ ಇಲ್ಲ ಎಂಬುದು ಅವನ ಉತ್ತರ. ತತ್ತ್ವದ ಮಾತು ಹೀಗೆ ಸಾಗುತ್ತಿರುವಾಗ ಒಳಗಿನ ಗಾಯ ಬಯಲಾಗುತ್ತದೆ. ಯೌವನದಲ್ಲಿ ಆಂಡ್ರೆತಳೂ ಫಿನ್‌ರೋಡನ ತಮ್ಮ ಐಗ್ನೋರನೂ ಪರಸ್ಪರ ಪ್ರೀತಿಸಿದ್ದರು. ಅವನು ದೂರ ಸರಿದನು. ತನ್ನನ್ನು ಕಡೆಗಣಿಸಿದನೆಂದು ಅವಳು ನೊಂದಿದ್ದಾಳೆ. ಫಿನ್‌ರೋಡ್ ನಿಜವನ್ನು ತಿಳಿಸುತ್ತಾನೆ: ತಮ್ಮನು ಇನ್ನೊಬ್ಬಳನ್ನು ಎಂದೂ ವರಿಸನು, ಅವಳನ್ನು ಕಂಡ ಆ ಚಿತ್ರವನ್ನೇ ಲೋಕಾಂತ್ಯದ ವರೆಗೆ ನೆನಪಿನಲ್ಲಿ ಇಟ್ಟುಕೊಂಡಿರುತ್ತಾನೆ. ಅವನಿಗೆ ನೆನಪು ಸಾಕಾಯಿತು; ಅವಳಿಗೆ ಸಾಲಲಿಲ್ಲ. ಎರಡು ಜನಾಂಗಗಳ ನಡುವಣ ಕಂದಕದ ಆಳ ಇಲ್ಲಿ ತಿಳಿಯುತ್ತದೆ.

ಎಲ್ಫರ ದೌರ್ಬಲ್ಯವೂ ಈ ನೆನಪೇ. ವರ್ಷಗಳು ಕೂಡಿದಷ್ಟೂ ಅವರ ಬಾಳಿನಲ್ಲಿ ಕಳೆದುದರ ಭಾರವೇ ಹೆಚ್ಚು. ಅವರು ನೆಟ್ಟ ಮರ ಮುರಿದುಬೀಳುತ್ತದೆ, ಅವರು ಒಲಿದ ಮನುಷ್ಯರು ಮಣ್ಣಾಗುತ್ತಾರೆ, ಅವರು ಮಾತ್ರ ಉಳಿಯುತ್ತಾರೆ. ಆದುದರಿಂದ ಕಾಲವನ್ನೇ ತಡೆದು ನಿಲ್ಲಿಸುವ ಆಸೆ ಅವರಲ್ಲಿ ಹುಟ್ಟಿತು. ಎಲ್ಫರ ಮೂರು ಉಂಗುರಗಳು ಯುದ್ಧಕ್ಕಾಗಿ ಮಾಡಿದುವಲ್ಲ. ಇದ್ದುದನ್ನು ಇದ್ದಂತೆ ಕಾಪಾಡುವುದಕ್ಕಾಗಿ ಮಾಡಿದುವು. ಅವುಗಳಲ್ಲೊಂದರ ಬಲದಿಂದ ಗಲಾಡ್ರಿಯೆಲ್ ಎಂಬ ಎಲ್ಫ್ ರಾಣಿ ಲೋತ್‌ಲೋರಿಯೆನ್ ಎಂಬ ವನವನ್ನು ಬಾಡದಂತೆ ಉಳಿಸಿಕೊಂಡಿದ್ದಳು. ಇದನ್ನು ಟೋಲ್ಕಿನ್ ಹೊಗಳಲಿಲ್ಲ. ಹೆಣಕ್ಕೆ ಸುಗಂಧ ಹಚ್ಚಿ ಕೆಡದಂತೆ ಇಡುವವರಿಗೆ ಎಲ್ಫರನ್ನು ಹೋಲಿಸಿ, ಬದಲಾವಣೆಯನ್ನು ನಿರಾಕರಿಸುವುದೇ ಅವರ ತಪ್ಪೆಂದು ಪತ್ರವೊಂದರಲ್ಲಿ ಬರೆದರು. ಆದರೂ ಈ ಜನಾಂಗದ ಔನ್ನತ್ಯ ಕಾಣುವುದು ಇಲ್ಲಿಯೇ. ದುಷ್ಟನಾದ ಸೌರನನ ಮಹಾ ಉಂಗುರ ನಾಶವಾದರೆ ತಮ್ಮ ಮೂರರ ಶಕ್ತಿಯೂ ಹೋಗುತ್ತದೆ, ವನ ಬಾಡುತ್ತದೆ ಎಂದು ಗಲಾಡ್ರಿಯೆಲ್ ಬಲ್ಲಳು. ಆ ಮಹಾ ಉಂಗುರ ತಾನಾಗಿ ಕೈಗೆ ಬಂದಾಗಲೂ ಅವಳು ಅದನ್ನು ಮುಟ್ಟಲಿಲ್ಲ. ಅದನ್ನು ನಾಶಮಾಡಹೊರಟವರಿಗೆ ನೆರವಾದಳು.

ಈ ಕಲ್ಪನೆಯ ಹಿಂದೆ ಲೇಖಕರ ಸ್ವಂತ ಬಾಳೂ ಇದೆ. 1916ರಲ್ಲಿ ಸೊಮ್ ಕದನದಲ್ಲಿ ಭಾಗವಹಿಸಿ, ಕಂದಕಜ್ವರದಿಂದ ನರಳುತ್ತ ಟೋಲ್ಕಿನ್ ಊರಿಗೆ ಮರಳಿದರು. 1918ರ ಹೊತ್ತಿಗೆ ಅವರ ಆಪ್ತ ಗೆಳೆಯರಲ್ಲಿ ಒಬ್ಬರನ್ನುಳಿದು ಎಲ್ಲರೂ ತೀರಿಕೊಂಡಿದ್ದರು. ಈ ನಡುವೆ 1917ರಲ್ಲಿ ಯಾರ್ಕ್‌ಷೈರಿನ ರೂಸ್ ಎಂಬ ಹಳ್ಳಿಯ ಬಳಿ, ಬಿಳಿಯ ಹೂ ತುಂಬಿದ್ದ ತೋಪಿನಲ್ಲಿ ಅವರ ಮಡದಿ ಈಡಿತ್ ಅವರಿಗಾಗಿ ನರ್ತಿಸಿದರು. ಅದೇ ಮುಂದೆ ಬೆರೆನ್ ಮತ್ತು ಲೂತಿಯೆನರ ಕಥೆಯಾಯಿತು. ಲೂತಿಯೆನ್ ಎಲ್ಫ್ ರಾಜನ ಮಗಳು, ಬೆರೆನ್ ಮನುಷ್ಯ. ಅವನು ಮಡಿದಾಗ ಅವಳು ನಮ್ಮ ಸಾವಿತ್ರಿಯಂತೆ ಮೃತ್ಯುಮಂದಿರಕ್ಕೇ ಹೋಗಿ, ತನ್ನ ಹಾಡಿನಿಂದ ಮಾಂಡೋಸನ ಮನಸ್ಸನ್ನು ಕರಗಿಸಿ ಅವನನ್ನು ಮರಳಿ ಪಡೆದಳು. ಅದಕ್ಕೆ ಅವಳು ತೆತ್ತ ಬೆಲೆ ತನ್ನ ಅಮರತ್ವ. ಅವನೊಡನೆ ಬಾಳಿ, ಅವನಂತೆಯೇ ಸಾಯುವ ಹಾದಿಯನ್ನು ಅವಳೇ ಆರಿಸಿಕೊಂಡಳು.

1971ರಲ್ಲಿ ಈಡಿತ್ ತೀರಿಕೊಂಡರು. ಆಕ್ಸ್‌ಫರ್ಡಿನ ವುಲ್ವರ್ಕೋಟ್ ಸ್ಮಶಾನದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ, ಹೆಸರಿನ ಕೆಳಗೆ ‘ಲೂತಿಯೆನ್’ ಎಂಬ ಒಂದೇ ಮಾತನ್ನು ಕೆತ್ತಿಸಬೇಕೆಂಬುದು ಟೋಲ್ಕಿನ್ನರ ಇಚ್ಛೆಯಾಗಿತ್ತು. ಎರಡು ವರ್ಷಗಳ ಮೇಲೆ ಅವರನ್ನೂ ಅಲ್ಲಿಯೇ ಮಣ್ಣು ಮಾಡಿದರು. ಅವರ ಹೆಸರಿನ ಕೆಳಗೆ ‘ಬೆರೆನ್’ ಎಂದಿದೆ.

ಎಲ್ಫರ ಕಥೆಯನ್ನು ಓದಲು ಕುಳಿತಾಗ ಅವರ ಮೇಲೆ ನಮಗೆ ಅಸೂಯೆಯಾಗುವುದು ಸಹಜ. ಓದಿ ಮುಗಿಸುವ ವೇಳೆಗೆ ಅದು ಮರುಕವಾಗಿ ತಿರುಗಿರುತ್ತದೆ. ನಮ್ಮ ಮನೆಯಂಗಳದ ಮರ ನಮಗಿಂತ ಹೆಚ್ಚು ಕಾಲ ಬಾಳುವುದೆಂಬ ನೆಮ್ಮದಿ ನಮಗಿದೆ, ಅವರಿಗೆ ಅದಿಲ್ಲ.