ಕೊಂದವರಾರು? ಪ್ರೇಕ್ಷಕರೇ ಹೇಳಬೇಕು!

ಪತ್ತೇದಾರಿ ಚಿತ್ರವನ್ನು ಒಬ್ಬರೇ ಕುಳಿತು ನೋಡುವುದು ಒಂಟಿಯಾಗಿ ಚದುರಂಗವಾಡಿದಂತೆ. ತಕರಾರು ತೆಗೆಯಲು ಪಕ್ಕದಲ್ಲೊಬ್ಬರು ಬೇಕು. ಮಲೆನಾಡಿನಲ್ಲಿ ಅಂಥ ಕೂಟಕ್ಕೆ ನೆಲೆಯಾದದ್ದು ಸಾಗರದ ಬಳಿಯ ಹೆಗ್ಗೋಡು. ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಅಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಅಡಿಕೆ ತೋಟಗಳ ನಡುವಣ ಜನರಿಗೆ ಅದು ತೋರಿಸಿದ ಜಗತ್ತಿನ ಶ್ರೇಷ್ಠ ಚಿತ್ರಗಳಲ್ಲಿ ಅಕಿರಾ ಕುರೊಸಾವಾ ಅವರ 'ರಾಶೋಮಾನ್' (1950) ಒಂದು.

ಕಾಡಿನಲ್ಲೊಬ್ಬ ಸಮುರಾಯ್ ಸತ್ತು ಬಿದ್ದಿದ್ದಾನೆ. ಕೊಂದವನು ತಾನೆಂದು ದರೋಡೆಕಾರ ಬೀಗುತ್ತಾನೆ. ಕಠಾರಿ ತನ್ನ ಕೈಯಲ್ಲಿತ್ತೆಂದು ಹೆಂಡತಿ ಅಳುತ್ತಾಳೆ. ಸತ್ತವನೇ ಒಬ್ಬಳ ಮೈಮೇಲೆ ಬಂದು ಆತ್ಮಹತ್ಯೆಯೆನ್ನುತ್ತಾನೆ. ಪಾತ್ರಿಯ ದರ್ಶನ ಕಂಡ ಮಲೆನಾಡಿಗರಿಗೆ ಈ ಸಾಕ್ಷಿ ಹೊಸದೇನಲ್ಲ! ಬೇರೆ ಚಿತ್ರಗಳಲ್ಲಿ ಅಪರಾಧವನ್ನು ಎಲ್ಲರೂ ಅಲ್ಲಗಳೆಯುತ್ತಾರೆ. ಇಲ್ಲಿ ಮೂವರೂ ಅದನ್ನು ತಮ್ಮ ಮೇಲೆಳೆದುಕೊಳ್ಳುತ್ತಾರೆ. ನ್ಯಾಯಾಧೀಶನ ಮುಖವಾಗಲಿ ದನಿಯಾಗಲಿ ಎಲ್ಲಿಯೂ ಇಲ್ಲ. ಸಾಕ್ಷಿಗಳು ಮಾತಾಡುವುದು ಪ್ರೇಕ್ಷಕರತ್ತ ಮುಖಮಾಡಿ. ತೀರ್ಪಿನ ಹೊರೆ ಅವರದೇ.

ಮೇಗರವಳ್ಳಿಯಿಂದ ಆಗುಂಬೆ ಘಟ್ಟವಿಳಿದು ಕಡಲಿಗೆ ಹೋದರೆ ಮಲ್ಪೆ. ಅಲ್ಲಿಯ ಕಥೆಯಾದ ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ಹಿಡಿದದ್ದೂ ಇದೇ ಜಾಡು.

ಜಾಣರಿಗೆ ಕುರೊಸಾವಾ ಒಂದು ಸುಳಿವನ್ನು ಬಿಟ್ಟಿದ್ದಾರೆ: ಬೆಲೆಬಾಳುವ ಆ ಕಠಾರಿ ಎಲ್ಲಿ ಹೋಯಿತು? ಉತ್ತರ ಹೇಳಿದರೆ ನೋಡದವರಿಗೆ ಅನ್ಯಾಯ. ಸೌದೆ ಕಡಿಯುವವನ ಮಾತನ್ನು ಮಾತ್ರ ಎರಡು ಸಲ ಕೇಳಬೇಕು.